ಜೋಡಿ ಫೋಟೊದ ಮೂರನೆಯವರು

ನಮ್ಮ ಕಡೆಯ ಹಳೆಯ ಜೋಡಿ ಫೋಟೊಗಳಲ್ಲಿ ಮೂವರಿರುತ್ತಾರೆ: ಗಂಡ, ಹೆಂಡತಿ ಮತ್ತು ನನ್ನ ಸೋದರಮಾವ! ಅಪಾರ್ಥ ಮಾಡಿಕೊಳ್ಳಬೇಡಿ, ಮಾವ ಆ ಫೋಟೊಗಳನ್ನು ತೆಗೆದವರು. ತೆಗೆದವರು ಫೋಟೊದೊಳಗೆ ಬರುವುದು ಹೇಗೆ ಎನ್ನುತ್ತೀರಾ? ನೆರಳಾಗಿ! ದಂಪತಿಗಳ ಕಾಲ ಬುಡದಲ್ಲಿ, ಕೆಲವೊಮ್ಮೆ ಹೊಟ್ಟೆಯ ಮೇಲೆಯೇ, ಒಂದು ಕಪ್ಪು ಆಕೃತಿ. ತಲೆಗೆ ಅಡಿಕೆ ಹಾಳೆಯ ಮುಟ್ಟಾಳೆ, ಕ್ಯಾಮರಾವನ್ನು ಹೊಟ್ಟೆಗೆ ಒತ್ತಿ ಹಿಡಿದದ್ದರಿಂದ ಆಚೀಚೆ ಎರಡು ಮೊಣಕೈ. ನೋಡಿದರೆ ಕಿವಿ ಇರುವ ಬಾಣಲೆಯೇ.

ಆಗ ಸ್ವಾತಂತ್ರ್ಯ ಬಂದು ಹತ್ತು ವರ್ಷವಾಗಿತ್ತು. ಸ್ಟುಡಿಯೊ ಬೇಕಾದವರು ಪುತ್ತೂರಿಗೆ ಹೋಗಬೇಕಿತ್ತು. ಮಾವನಿಗೆ ಸ್ಟುಡಿಯೊ ಎಂದರೆ ತಾತ್ಸಾರ. "ಬಣ್ಣದ ಪರದೆ ಎದುರು ಸಂಸಾರ ಮಾಡ್ಲಿಕ್ಕೆ ಉಂಟಾ? ಬಯಲಿಗೆ ಬನ್ನಿ, ದೇವರು ಕೊಟ್ಟ ಬೆಳಕು ಉಂಟು" ಎನ್ನುತ್ತಿದ್ದರು. ಎಲ್ಲಿಂದಲೋ ಒಂದು ಡಬ್ಬ ಕ್ಯಾಮರಾ ಸಂಪಾದಿಸಿದ್ದರು, ಅದರ ಜೊತೆ ಒಂದು ಇಂಗ್ಲಿಷ್ ಪುಸ್ತಕ. ಸೂರ್ಯ ಬೆನ್ನ ಹಿಂದೆ ಇರಬೇಕು ಎಂಬ ವಾಕ್ಯ ಅದರಲ್ಲಿ ಅವರಿಗೆ ಅರ್ಥವಾಗಿತ್ತು. ಅಷ್ಟೇ ಅರ್ಥವಾಗಿತ್ತು! ಅವರ ಬೆನ್ನಿಗೆ ಸೂರ್ಯ ಎಂದರೆ ಮದುಮಕ್ಕಳ ಕಣ್ಣಿಗೆ ಸೂರ್ಯ ತಾನೆ? ಹೀಗಾಗಿ ಸಂಪಾಜೆಯಿಂದ ಪೆರಾಬೆಯವರೆಗೆ ಎಷ್ಟೋ ದಾಂಪತ್ಯಗಳು ಕಣ್ಣು ಮುಚ್ಚಿಕೊಂಡೇ ಆರಂಭವಾದವು.

ಮದುಮಗನಿಗೆ ಅವರ ಮೊದಲ ಅಪ್ಪಣೆ ಒಂದೇ: "ಹೆಗಲ ಮೇಲೆ ಕೈ ಇಡು ಮಾರಾಯ, ಅವಳು ನಿನ್ನ ಹೆಂಡತಿ, ಕೆಂಡ ಅಲ್ಲ!" ಹಿರಿಯರೆದುರು ಹೆಂಡತಿಯ ಹೆಸರನ್ನೇ ಹೇಳದ ಕಾಲವದು. ಅರಂತೋಡಿನ ಒಂದು ಅಂಗಳದಲ್ಲಿ ಹುಡುಗ ಬೆವತು, ಕೈ ಎತ್ತಿ, ಇಡಲೋ ಬೇಡವೋ ಎಂದು ಗಾಳಿಯಲ್ಲೇ ಹಿಡಿದುಕೊಂಡು ನಿಂತ. ಅವನ ತಾಯಿಗೆ ತಡೆಯಲಾಗಲಿಲ್ಲ. "ಹಗಲು ಹೊತ್ತಿನಲ್ಲಿ ಎಂತ ಬೇಕಾದ್ರೂ ಮಾಡುದಾ?" ಎನ್ನುತ್ತ ಬಂದವರೇ ಇಬ್ಬರ ನಡುವೆ ನಿಂತುಬಿಟ್ಟರು. ಮಾವ ಟಕ್ಕೆಂದು ಒತ್ತಿದರು.

"ಅಮ್ಮನೂ ಬಂದ್ರಲ್ಲ ಮಾರಾಯ್ರೆ!" ಎಂದು ಹುಡುಗ ಗೋಗರೆದ.

"ಮುಂದೆಯೂ ಹೀಗೇ ಇರುದಲ್ವಾ? ಅಭ್ಯಾಸ ಆಗ್ಲಿ" ಎಂದರು ಮಾವ.

ಸಂಪಾಜೆಯಲ್ಲಿ ಒಂದು ಜೋಡಿಯನ್ನು ರಸ್ತೆ ಬದಿಯಲ್ಲಿ ನಿಲ್ಲಿಸಿ, ಮೋಡ ಸರಿಯಲಿ ಎಂದು ಒಂದೂವರೆ ಗಂಟೆ ಕಾದರಂತೆ. ಮೋಡ ಸರಿಯುವುದಕ್ಕೂ ಮಡಿಕೇರಿಯ ಬಸ್ಸು ಬಂದು ಅಲ್ಲೇ ನಿಲ್ಲುವುದಕ್ಕೂ ಸರಿಹೋಯಿತು. "ನೆರಳು ಬೀಳ್ತದೆ! ಹಿಂದೆ ತೆಗೀರಿ!" ಎಂದು ಮಾವ ಗುಡುಗಿದರು. ಮುಟ್ಟಾಳೆ ಇಟ್ಟ ಸರಕಾರಿ ಅಧಿಕಾರಿ ಎಲ್ಲಿಯಾದರೂ ಇರುತ್ತಾರೆಯೇ ಎಂದು ಡ್ರೈವರಿಗೆ ಹೊಳೆಯಲಿಲ್ಲ, ಆ ಗಂಟಲು ಹಾಗಿತ್ತು. ಪಾಪ, ಜನ ತುಂಬಿದ ಬಸ್ಸನ್ನು ಹಿಂದೆ ತೆಗೆದ! ಹದಿನೈದು ದಿನ ಕಳೆದು ಫೋಟೊ ತೊಳೆದು ಬಂತು. ಬಸ್ಸಿನ ನೆರಳು ಇರಲಿಲ್ಲ. ಮುಟ್ಟಾಳೆಯದು ಇತ್ತು!

ನಗಬೇಡಿ, ನನ್ನ ಮದುವೆಗೂ ಅವರೇ. ಕೆಂಪು ಧಾರೆ ಸೀರೆ ಉಟ್ಟು, ಬಿಸಿಲಿಗೆ ಮುಖ ಕೊಟ್ಟು ನಿಂತೆ. ಫೋಟೊ ಬಂದಾಗ ಸೀರೆಯ ನೆರಿಗೆಯ ಮೇಲೆ ಮುಟ್ಟಾಳೆ! ಪೆರಾಬೆಯ ಗಂಡನ ಮನೆಯಲ್ಲಿ ನಗೆಪಾಟಲಾಯಿತು. ಅದನ್ನು ಪೆಟ್ಟಿಗೆಯ ತಳಕ್ಕೆ ತುರುಕಿ, ನೇರ ಮಾವನ ಮನೆಗೆ ಹೋಗಿ ಜಗಳಕ್ಕೆ ನಿಂತೆ.

"ಎಂತ ಮಾವ ಇದು? ನೆರಳಿನ ವಿಷಯ ನಿಮ್ಮ ಪುಸ್ತಕದಲ್ಲಿ ಇಲ್ವಾ?"

"ಇತ್ತೋ ಏನೋ. ಆ ಪುಟ ಗೆದ್ದಲು ತಿಂದಿದೆ ಮಾರಾಯ್ತಿ."

ಮಾವನ ಹೆಂಡತಿ, ನನ್ನ ಅತ್ತೆ, ಬಾಗಿಲಲ್ಲಿ ನಿಂತು ನಕ್ಕರು. "ನಿನಗೆ ಒಂದು ಜೋಡಿ ಫೋಟೊ ಆದ್ರೂ ಆಯ್ತು. ನಮ್ಮಿಬ್ಬರದ್ದು ಒಂದು ಬೇಕೂಂತ ಆ ಡಬ್ಬ ಮನೆಗೆ ಬಂದಾಗಿಂದ ಕೇಳ್ತಾ ಇದ್ದೇನೆ ನಾನು."

"ಒತ್ತುದು ಯಾರು?" ಎಂದರು ಮಾವ. ಕ್ಯಾಮರಾವನ್ನು ಇನ್ನೊಬ್ಬರ ಕೈಗೆ ಕೊಡುವ ಜನವೇ ಅಲ್ಲ ಅವರು.

ಅತ್ತೆ ನಗುತ್ತಲೇ ಇದ್ದರು, ಆದರೆ ಮುಖ ಸಣ್ಣದಾಗಿತ್ತು. ನನಗೆ ನನ್ನ ಸೀರೆ ಮರೆತುಹೋಗಿ ಬೇರೆಯೇ ಸಿಟ್ಟು ಬಂತು. "ಊರಿನ ಗಂಡಂದಿರಿಗೆಲ್ಲ ಹೆಗಲ ಮೇಲೆ ಕೈ ಇಡ್ಲಿಕ್ಕೆ ಕಲಿಸ್ತೀರಿ. ಅತ್ತೆಯ ಹೆಗಲು ನಿಮಗೆ ಕಾಣುದಿಲ್ವಾ?" ಎಂದುಬಿಟ್ಟೆ. ಮಾವ ಪಂಚೆಯ ಚುಂಗಿನಿಂದ ಕ್ಯಾಮರಾ ಒರೆಸುತ್ತ ಕುಳಿತರು.

ಕೆಲವು ವರ್ಷಗಳ ಮೇಲೆ ಮಾವ ತೀರಿಕೊಂಡರು. ಉತ್ತರಕ್ರಿಯೆಯ ದಿನ ಹಾರ ಹಾಕಲು ಒಂದು ಫೋಟೊ ಹುಡುಕಿದರೆ, ಇಲ್ಲ! ಊರಿಗೆಲ್ಲ ಫೋಟೊ ತೆಗೆದವರದ್ದೇ ಇಲ್ಲ! ಸತ್ತ ಮೇಲೂ ಫಜೀತಿ ಮಾಡಿಟ್ಟರಲ್ಲ ಎಂದು ನಾನು ಗೊಣಗುತ್ತಿದ್ದಾಗ, ಅತ್ತೆ ಒಳಗಿಂದ ಏನನ್ನೋ ತಂದು ನನ್ನ ಕೈಯಲ್ಲಿಟ್ಟರು.

ಸುಣ್ಣ ಬಳಿದ ಗೋಡೆಯೆದುರು ಅತ್ತೆ, ಒಬ್ಬರೇ, ಒಂದು ಬದಿಗೆ ಸರಿದು ನಿಂತ ಫೋಟೊ. ಪಕ್ಕದ ಖಾಲಿ ಗೋಡೆಯ ಮೇಲೆ, ಸರಿಯಾಗಿ ಅವರಷ್ಟೇ ಎತ್ತರಕ್ಕೆ, ಮುಟ್ಟಾಳೆ ಇಟ್ಟ ನೆರಳು. ಒಂದು ಮೊಣಕೈ ಎಂದಿನಂತೆ ಹೊಟ್ಟೆಯ ಬಳಿ ಮಡಚಿದೆ. ಇನ್ನೊಂದು ಕೈ ಉದ್ದಕ್ಕೆ ಚಾಚಿ ಅತ್ತೆಯ ಹೆಗಲ ಮೇಲೆ ಕುಳಿತಿದೆ. ಒಂದೇ ಕೈಯಲ್ಲಿ ಒತ್ತಿದ್ದರಿಂದ ಫೋಟೊ ತುಸು ಅಲುಗಿದೆ. ಅತ್ತೆಯ ಕಣ್ಣೂ ಮುಚ್ಚಿದೆ, ಆದರೆ ನಗು ಬಂದು.

"ನೀನು ಬೈದು ಹೋದ ಮೇಲೆ ತೆಗೆದದ್ದು. ಕೈ ಸರಿಯಾಗಿ ಹೆಗಲಿಗೇ ಬೀಳ್ಬೇಕೂಂತ ಮೂರು ದಿನ ಬೆಳಿಗ್ಗೆ ನಿಲ್ಲಿಸಿದ್ರು ನನ್ನನ್ನು" ಎಂದರು ಅತ್ತೆ. ಆಮೇಲೆ ಅದನ್ನು ಮೆಲ್ಲನೆ ನನ್ನ ಕೈಯಿಂದ ತೆಗೆದುಕೊಂಡರು. "ಇದಕ್ಕೆ ಹಾರ ಹಾಕುದು ಬೇಡ. ಇದು ನಮ್ಮ ಜೋಡಿ ಫೋಟೊ."

ಅಲ್ಲಿಯವರೆಗೆ ಅಳದ ನಾನು ಆಗ ಅತ್ತುಬಿಟ್ಟೆ.

ಮನೆಗೆ ಬಂದು, ಪೆಟ್ಟಿಗೆಯ ತಳದಿಂದ ನನ್ನ ಮದುವೆಯ ಫೋಟೊ ಹುಡುಕಿ ತೆಗೆದು ಚಾವಡಿಯಲ್ಲಿ ತೂಗುಹಾಕಿದೆ. ಬಂದವರು ಸೀರೆಯ ಮೇಲೆ ಇದೆಂತ ಕಪ್ಪು ಎಂದು ಕೇಳುತ್ತಾರೆ. ನನ್ನ ಸೋದರಮಾವ ಎನ್ನುತ್ತೇನೆ.