ಉಡರಾಯರ ಒದ್ದೆ ಹೊಟ್ಟೆಯೂ ನಮ್ಮ ಆಸ್ಪತ್ರೆಯ ದೂರದೃಷ್ಟಿಯೂ

ಶ್ರೀಮಾನ್ ಉಡರಾಯರಿಗೆ,
ಆಸ್ಪತ್ರೆಯ ಹಿಂದಿನ ದೊಡ್ಡ ಚರಂಡಿ, ಚಾವ್ ಪ್ರಯಾ ನದೀತೀರ.

ಮಾನ್ಯರೇ,

ತಮ್ಮ ಸೀಳುನಾಲಿಗೆಗೂ ಸುದೀರ್ಘ ಬಾಲಕ್ಕೂ ಕೈಮುಗಿದು ಮಾಡಿಕೊಳ್ಳುವ ಅರಿಕೆ. ತಮ್ಮ ಕುಲದ ಹೆಸರು ನಮ್ಮ ಥಾಯ್ ನುಡಿಯಲ್ಲಿ ಬೈಗುಳವಾದ್ದರಿಂದ, ತಾವು ಒಳಗೆ ಬಂದಾಗ 'ಬೆಳ್ಳಿ-ಬಂಗಾರ' ಎಂದು ಕರೆದು ಒಳಿತನ್ನು ಬೇಡುವುದು ಪದ್ಧತಿ. ಇಡೀ ರಾದ್ಧಾಂತಕ್ಕೆ ಆ ಮರ್ಯಾದೆಯೇ ಮೂಲವೆಂಬುದು ನನ್ನ ದೂರು.

ನದಿ ಉಕ್ಕುವುದೋ ಇಲ್ಲವೋ ತಿಳಿಯದ ಸ್ಥಿತಿಯಲ್ಲಿ, ನೆಲಮಹಡಿಯ ಡಯಾಲಿಸಿಸ್ ಯಂತ್ರಗಳನ್ನು ಮೇಲಕ್ಕೆ ಸಾಗಿಸಬೇಕೇ ಎಂದು ನಿರ್ಧರಿಸಲು ನಮ್ಮ ಆಸ್ಪತ್ರೆಯಲ್ಲೊಂದು ಕಾರ್ಯತಂತ್ರ ಸಮಿತಿಯಿದೆ. ಸಾಗಿಸಿ ನೀರು ಬಾರದಿದ್ದರೆ ನಗೆಪಾಟಲು, ಸಾಗಿಸದೆ ಬಂದರೆ ಎಲ್ಲವೂ ನೀರುಪಾಲು. ಹೀಗಾಗಿ ಸಭೆ ಸೇರಿತು, ಚರ್ಚೆ ಏರಿತು, ಐಸ್ ಚಹಾ ತೀರಿತು, ತೀರ್ಮಾನ ಜಾರಿತು. ಆ ಯಂತ್ರಗಳಿಂದಲೇ ಜೀವ ಹಿಡಿದಿರುವವರಲ್ಲಿ ನನ್ನ ತಾಯಿ ಲಮ್ಯೈ ಒಬ್ಬರೆಂಬುದನ್ನು ಬಿಟ್ಟರೆ ನನಗೆ ಇದರಲ್ಲಿ ಬೇರಾವ ಸ್ವಾರ್ಥವೂ ಇಲ್ಲ.

ಅಹವಾಲು ಹೇಳಲು ಅಮ್ಮನನ್ನು ಗಾಲಿಕುರ್ಚಿಯಲ್ಲಿ ಕೂರಿಸಿಕೊಂಡು ನಾನು ಮಹಡಿಯ ಸಭೆಗೆ ಹೋಗಿದ್ದಾಗಲೇ ತಾವು ಚರಂಡಿ ತೊರೆದು, ಮೆಟ್ಟಿಲೇರಿ, ತೊಟ್ಟಿಕ್ಕುತ್ತ ಬಂದು ಸಮಿತಿಯ ಮೇಜಿನಡಿ ವಿರಾಜಮಾನರಾದಿರಿ. ನಿರ್ದೇಶಕ ಡಾಕ್ಟರ್ ಕ್ರಿಯಾಂಗ್‌ಕ್ರೈ ಕೂಡಲೇ ಕೈಮುಗಿದು, "ಬೆಳ್ಳಿ-ಬಂಗಾರದಪ್ಪಾ, ಬಂದ್ಯಾ? ಒಳ್ಳೇದ್ ಮಾಡಪ್ಪಾ!" ಎಂದರು. ಲೆಕ್ಕಾಧಿಕಾರಿಗಳು ಮಲ್ಲಿಗೆ ಹಾರ ತಂದರು. ತಮ್ಮ ಮೈಗೆ ಪೌಡರ್ ತಿಕ್ಕಿದರೆ ಲಾಟರಿ ಅಂಕಿ ಏಳುತ್ತದೆಂದು ಹಿರಿಯ ನರ್ಸ್ ಸುಮಾಲಿಯವರು ಡಬ್ಬಿ ತೆರೆದರು. ಸುದ್ದಿ ಹಬ್ಬಿ, ವಾರ್ಡುಗಳಲ್ಲಿನ ರೋಗಿಗಳ ನಂಟರಿಷ್ಟರೆಲ್ಲ ಬಾಗಿಲಲ್ಲಿ ನೆರೆದರು.

"ಅಯ್ಯೋ, ಹೊಟ್ಟೆ ತೊಪ್ಪೆ ಆಗಿದೆ ಡಾಕ್ಟ್ರೇ, ಪೌಡರೆಲ್ಲ ಹಿಟ್ಟಾಗ್ತಿದೆ!"

"ಇನ್ನೊಂದ್ ಡಬ್ಬಿ ತನ್ನಿ! ಅಗೋ, ಎಂಟು!"

"ಎಂಟಲ್ಲ ಸಾರ್, ಸೊನ್ನೆ ಮೇಲೆ ಸೊನ್ನೆ!"

ಅಮ್ಮ ಗಾಲಿಕುರ್ಚಿಯಿಂದಲೇ ಮುಂದೆ ಬಾಗಿ ಕೇಳಿದರು: "ಡಾಕ್ಟ್ರಪ್ಪಾ, ಅಂಕಿ ಆಮೇಲೆ ನೋಡ್ಕೋ. ಚರಂಡೀಲೇ ಹುಟ್ಟಿ ಬೆಳೆದೋನಿಗೇ ಕೆಳಗೆ ನೀರು ಜಾಸ್ತಿ ಆಯ್ತು ಅಂದ್ರೆ, ನಿನ್ನ ಯಂತ್ರ ಈಜುತ್ತೇನಪ್ಪಾ?"

ಓಡಿ ಇಳಿದು ನೋಡಿದರೆ ನೀರು ಆಗಲೇ ಯಂತ್ರಗಳ ಗಾಲಿ ಮುಟ್ಟಿತ್ತು. ತಮ್ಮ ದರ್ಶನಕ್ಕೆ ನೆರೆದ ಲಾಟರಿಭಕ್ತರೇ ಕೈಜೋಡಿಸಿ ಎಲ್ಲವನ್ನೂ ಮೇಲಕ್ಕೆ ಹೊತ್ತರು. ಮರುದಿನ ಅಮ್ಮನ ರಕ್ತಶುದ್ಧಿ ಅದೇ ಸಭಾಂಗಣದಲ್ಲಿ ನಡೆಯಿತು. ಆ ಕೋಣೆಯಲ್ಲಿ ಪೂರ್ಣಗೊಂಡ ಮೊದಲ ಕೆಲಸ ಅದೇ ಇರಬೇಕು. ಇದೆಲ್ಲ ಸಮಿತಿಯ ಮುಂದಾಲೋಚನೆಯ ಫಲವೆಂದು ವರದಿಯಲ್ಲಿ ದಾಖಲಾಗಿದೆ. ತಮ್ಮ ಹೆಸರಿಲ್ಲ.

ಆದ್ದರಿಂದ ಮುಂದಿನ ಮಳೆಗಾಲಕ್ಕೆ ತಾವು ದಯಮಾಡಿ ಒಂದು ದಿನ ಮೊದಲೇ, ಮೈ ಒರೆಸಿಕೊಂಡು, ಸಮಿತಿಗೆ ಅರ್ಥವಾಗುವಷ್ಟು ನಿಧಾನವಾಗಿ ಮೆಟ್ಟಿಲು ಹತ್ತಬೇಕೆಂದೂ, ಸಾಧ್ಯವಾದರೆ ಅಧ್ಯಕ್ಷ ಪದವಿಯನ್ನೇ ಅಲಂಕರಿಸಬೇಕೆಂದೂ ವಿನಂತಿ.

ತಮ್ಮ ಬಾಲದ ಬೀಸಿನಿಂದ ತುಸು ದೂರದಲ್ಲೇ ನಿಂತಿರುವ,
ತಮ್ಮ ವಿಶ್ವಾಸಿ,
ಸುತ್ತಿಪೋಂಗ್

ತಾ.ಕ.: ಡಾಕ್ಟರು ಕೊಂಡ ಎಂಟಕ್ಕೆ ಲಾಟರಿ ಹತ್ತಲಿಲ್ಲ. ಪ್ರವಾಹ ಎದುರಿಸಲು ಸಮಿತಿ ಕೊನೆಗೂ ಒಮ್ಮತದ ನಿರ್ಧಾರ ಕೈಗೊಂಡಿದೆ: ಕರೆಯದವರು ಸಭೆಗೆ ಬಾರದಂತೆ ಚರಂಡಿಯ ಬಾಯಿಗೆ ಕಬ್ಬಿಣದ ಜಾಲರಿ. ತಾವು ಅದಕ್ಕೆ ಮೊದಲೇ ನೇರ ನಮ್ಮ ಮನೆಗೆ ಬಂದುಬಿಡಿ; ಅಮ್ಮ ಕೋಳಿಮೊಟ್ಟೆ ತೆಗೆದಿಟ್ಟಿದ್ದಾರೆ, ಪೌಡರ್ ಬಚ್ಚಿಟ್ಟಿದ್ದಾರೆ.