ಮರಿ ಆಯುಧಪೂಜೆಯನ್ನು ಪಂಚಾಂಗಕ್ಕೆ ಸೇರಿಸುವ ಬಗ್ಗೆ

ಇಂದ:
ಸುಮಲತಾ,
ಮೆಕ್ಯಾನಿಕ್ ಪಂಪೇಶನ ತಾಯಿ,
ಗ್ಯಾರೇಜಿನ ಹಿಂದಿನ ಮನೆ (ಬೇರೆ ಬಾಗಿಲಿಲ್ಲ, ಗ್ಯಾರೇಜಿನೊಳಗಿಂದಲೇ ಬರಬೇಕು),
ಸಂಡೂರು ರಸ್ತೆ, ಹೊಸಪೇಟೆ.

ಗೆ:
ಶ್ರೀ ಕೊಟ್ರಯ್ಯನವರು,
ಗೋಡೆ ಪಂಚಾಂಗದ ಕರ್ತರು,
ಕಂಪ್ಲಿ.

ವಿಷಯ: ವರ್ಷಕ್ಕೊಂದೇ ಆಯುಧಪೂಜೆ ಸಾಲದ ಕಾರಣ ನಾನು ಸ್ವಂತ ಜವಾಬ್ದಾರಿಯ ಮೇಲೆ ಆಚರಿಸಿರುವ ಮರಿ ಆಯುಧಪೂಜೆಗಳಿಗೆ ಘಟನೋತ್ತರ ಮಂಜೂರಾತಿ ನೀಡಿ, ಮುಂದಿನ ಪಂಚಾಂಗದಲ್ಲಿ ಅಚ್ಚು ಹಾಕಿಸುವ ಬಗ್ಗೆ.

ಉಲ್ಲೇಖ: ೧) ನಮ್ಮ ಅಡುಗೆಮನೆ ಗೋಡೆಯ ಮೇಲಿರುವ ತಮ್ಮ ಈ ವರ್ಷದ ಪಂಚಾಂಗ (ಒಗ್ಗರಣೆ ಸಿಡಿದ ಪುಟಗಳನ್ನು ಹೊರತುಪಡಿಸಿ).
೨) ನನ್ನ ಮೊಮ್ಮಗಳ ಬಾಯಿಯಲ್ಲಿ ದೊರೆತ ಕಬ್ಬಿಣದ ವಾಷರ್.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ರೊಟ್ಟಿ ಬಡಿದು ಮುಗಿಸಿ, ಕೈ ತೊಳೆದುಕೊಂಡು ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ:

೧. ನನ್ನ ಮಗ ಪಂಪೇಶ್ ಒಳ್ಳೆಯವನು. ಮುಂದಿನ ಅಂಶಗಳನ್ನು ಓದಿದವರಿಗೆ ಅನುಮಾನ ಬರಬಹುದಾದ ಕಾರಣ ಇದನ್ನು ಮೊದಲೇ ದಾಖಲಿಸುತ್ತಿದ್ದೇನೆ. ಇಂಜಿನ್ನಿನ ಸದ್ದು ಕೇಳಿಯೇ ಅದಕ್ಕೆ ಏನಾಗಿದೆಯೆಂದು ಹೇಳುತ್ತಾನೆ. ಕಳೆದ ದಸರೆ ಮುಗಿದ ಮೇಲೆ ತಮ್ಮ ಸ್ಕೂಟರನ್ನು ರಿಪೇರಿ ಮಾಡಿಕೊಟ್ಟವನೂ ಅವನೇ. ಆದರೆ ಸ್ಪ್ಯಾನರನ್ನು ಎಲ್ಲಿ ಬಳಸುತ್ತಾನೋ ಅಲ್ಲೇ ಮಲಗಿಸುತ್ತಾನೆ. ನಟ್ಟು, ಬೋಲ್ಟು, ಎಣ್ಣೆ ಕುಡಿದ ಅರಿವೆ, ಟೀ ಲೋಟ ಎಲ್ಲಕ್ಕೂ ನೆಲವೇ ಕಪಾಟು. ಅದರ ಮೇಲೆ ಅದಿರಿನ ಲಾರಿಗಳು ತಂದ ಕೆಂಪು ಧೂಳು ಕೂತು ಯಾವುದು ಏನೆಂದು ತಿಳಿಯದ ಹಾಗೆ ಮಾಡಿಬಿಡುತ್ತದೆ. ನಡುವೆ ಲಾರಿಯ ಕೆಳಗೆ ಇಳಿದು ಕೆಲಸ ಮಾಡುವ ಗುಂಡಿ. ಅದಕ್ಕೆ ಮುಚ್ಚುವ ಹಲಗೆಗಳಿವೆ, ಅವುಗಳನ್ನು ಪಕ್ಕಕ್ಕೆ ಹಾಕಿಕೊಂಡು ಕೆಲಸದವರೆಲ್ಲ ಕೂತು ಊಟ ಮಾಡುತ್ತಾರೆ. ಗುಂಡಿ ಬಾಯಿ ತೆರೆದೇ ಇರುತ್ತದೆ.

೨. ಮಹಾನವಮಿಯಂದು ಮಾತ್ರ ಇದೇ ಗ್ಯಾರೇಜು ದೇವರ ಕೋಣೆಯ ಹಾಗೆ ಹೊಳೆಯುತ್ತದೆ. ಸ್ಪ್ಯಾನರುಗಳು ಸೀಮೆಎಣ್ಣೆಯಲ್ಲಿ ಮಿಂದು, ವಿಭೂತಿ ಧರಿಸಿ, ಸಣ್ಣದರಿಂದ ದೊಡ್ಡದರವರೆಗೆ ಸಾಲಾಗಿ ನಿಲ್ಲುತ್ತವೆ. ಸೊಸೆ ಪಲ್ಲವಿ ಫೋಟೋ ತೆಗೆಯುತ್ತಾಳೆ. ಆಮೇಲೆ ವರ್ಷವಿಡೀ ನಾವು ಆ ಫೋಟೋ ನೋಡಬೇಕು.

೩. ಹೀಗಿರುವಾಗ ಮೊಮ್ಮಗಳು ಸೌಜನ್ಯ ಅಂಬೆಗಾಲಿಡಲು ಆರಂಭಿಸಿದಳು. ಪಲ್ಲವಿ ಶಾಲೆಗೆ ಪಾಠ ಹೇಳಲು ಹೋಗುವುದರಿಂದ ಕೂಸು ನನ್ನ ಸುಪರ್ದಿಯಲ್ಲಿರುತ್ತದೆ. ಒಂದು ದಿನ ಅನ್ನ ಬಸಿಯುವಷ್ಟರಲ್ಲಿ ಹೊಸ್ತಿಲು ದಾಟಿ, ಅಂಗೈ ಮೊಣಕಾಲು ಕಪ್ಪು ಮಾಡಿಕೊಂಡು, ಏನನ್ನೋ ಚೀಪುತ್ತ ಕೂತಿತ್ತು. ಬೆರಳು ಹಾಕಿ ತೆಗೆದೆ. ಉಲ್ಲೇಖ ೨ ಅದೇ. ಆ ದಿನ ನಾನು ಪಟ್ಟ ಪಾಡನ್ನು ಇಲ್ಲಿ ವಿವರಿಸುವುದಿಲ್ಲ, ಅರ್ಜಿಯಲ್ಲಿ ಅದಕ್ಕೆ ಕಾಲಂ ಇಲ್ಲ.

೪. ಪಂಪೇಶನಿಗೆ ಹೇಳಿದೆ. ಅವನೂ ಹೆದರಿದ, ಆ ಸಂಜೆ ಗುಡಿಸಿದ. ಮರುದಿನ ಗಾದಿಗನೂರಿನ ಡ್ರೈವರ್ ಅಂಜಿನೇಯನ ಟಿಪ್ಪರ್ ಬಂತು, ಎಲ್ಲ ಮೊದಲಿನಂತಾಯಿತು. ಗುಂಡಿಯ ಸುತ್ತ ಹಳದಿ ಪೇಂಟ್ ಬಳಿಸಿದೆ. ಅದರ ಮೇಲೆ ಜಾಕ್ ಇಟ್ಟರು.

(ಇಲ್ಲಿ ಹಾಲು ಉಕ್ಕಿದ್ದರಿಂದ ಅಂಶ ನಾಲ್ಕನ್ನು ಮುಕ್ತಾಯಗೊಳಿಸಲಾಗಿದೆ.)

೫. ಆದ್ದರಿಂದ ಒಂದು ಬೆಳಿಗ್ಗೆ ಪೇಂಟಿನ ಗೆರೆಯ ಮೇಲೆಯೇ ರಂಗೋಲಿ ಎಳೆದು, ಇವತ್ತು ಆಯುಧಪೂಜೆ ಎಂದು ಪ್ರಕಟಿಸಿದೆ. ಮೊನ್ನೆ ಆಯಿತಲ್ಲ ಎಂದು ಪಂಪೇಶ್ ಕೇಳಿದ. ಅದು ದೊಡ್ಡದು, ಇದು ಮರಿ ಆಯುಧಪೂಜೆ ಎಂದೆ. ದೊಡ್ಡ ಜಾತ್ರೆಯ ಹಿಂದೆ ಮರಿ ಜಾತ್ರೆ ಇರುವಾಗ ಇದೂ ಇರಬಹುದೆಂದು ಎಲ್ಲರೂ ಒಪ್ಪಿದರು. ಮಧ್ಯಾಹ್ನದೊಳಗೆ ಸ್ಪ್ಯಾನರುಗಳು ಗೋಡೆ ಸೇರಿದವು, ಹಲಗೆಗಳು ಗುಂಡಿಯ ಮೇಲೆ ಬಂದವು. ಬೀಡಿ ತುಂಡು ಹಾಕುತ್ತಿದ್ದ ಮರಳಿನ ಬಕೆಟ್‌ಗೆ ಕುಂಕುಮವಿಟ್ಟೆ. ಅಂದಿನಿಂದ ಅದರೊಳಗೆ ಮರಳು ಮಾತ್ರ ಇದೆ. ಬೆಂಕಿ ಹತ್ತಿದರೆ ಕೈಗೆ ಸಿಗುವ ಸ್ಥಿತಿಯಲ್ಲಿದೆ.

೬. ಆಮೇಲೆ ಅಮಾವಾಸ್ಯೆಗೊಂದು ಮಾಡಿದೆ. ಸಾಲದಾದಾಗ ಹುಣ್ಣಿಮೆಗೂ ಮಾಡಿದೆ. ಅನುಷ್ಠಾನದಲ್ಲಿ ಕೆಲವು ತೊಡಕುಗಳು ಕಂಡುಬಂದವು.

ಅ) ರಂಗೋಲಿ ನೋಡಿ ಎಲ್ಲರೂ ಚಪ್ಪಲಿ ಬಾಗಿಲಲ್ಲಿ ಬಿಟ್ಟು ಬರತೊಡಗಿದರು. ಅಂಜಿನೇಯ ಬರಿಗಾಲಲ್ಲಿ ಸ್ಕ್ರೂ ತುಳಿದು, ಒಂಟಿಗಾಲಲ್ಲಿ ಗ್ಯಾರೇಜಿಗೆ ಪ್ರದಕ್ಷಿಣೆ ಹಾಕಿದ. ಕಾರಣ, ಬೂಟು ಕೂಡ ಆಯುಧವೇ ಎಂದು ತೀರ್ಮಾನಿಸಿ, ಅದಕ್ಕೂ ಅರಿಶಿನ ಹಚ್ಚಿ ಹಾಕಿಕೊಂಡೇ ಇರತಕ್ಕದ್ದೆಂದು ಆದೇಶಿಸಲಾಯಿತು.

ಆ) ಬೂದಗುಂಬಳಕಾಯಿ ಒಡೆದ ಜಾಗದಲ್ಲಿ ಪಂಪೇಶನೇ ಜಾರಿ ಬಿದ್ದ. ಕಾರಣ, ಕಾಯಿಯನ್ನು ನೆಲಕ್ಕೆ ಒಡೆಯದೆ ನನ್ನ ಅಡುಗೆಮನೆಗೆ ಒಪ್ಪಿಸುವಂತೆ ತಿದ್ದುಪಡಿ ತರಲಾಯಿತು. ಪಲ್ಯ ಪ್ರಸಾದವೆಂದು ಪರಿಗಣಿಸಲ್ಪಟ್ಟಿದೆ.

ಇ) ಅಂಜಿನೇಯ ಸುದ್ದಿಯನ್ನು ಸಂಡೂರಿನವರೆಗೆ ಸಾಗಿಸಿದ. ಈಗ ರಸ್ತೆಯುದ್ದಕ್ಕೂ ಗ್ಯಾರೇಜುಗಳವರು ಮರಿ ಆಯುಧಪೂಜೆ ಮಾಡುತ್ತಿದ್ದಾರೆ. ಡ್ರೈವರುಗಳು ರಜೆ ಕೇಳುತ್ತಿದ್ದಾರೆ. ತಿಥಿಯ ಬಗ್ಗೆ ಎರಡು ಪಂಗಡಗಳಾಗಿವೆ. ಪಾಪಿನಾಯಕನಹಳ್ಳಿಯ ಟೈರ್ ಅಂಗಡಿಯ ಮುದುಕಪ್ಪ, ಇದು ವಿಜಯನಗರದ ಕಾಲದಿಂದಲೂ ಇದೆ, ತನ್ನ ಅಜ್ಜ ಮಾಡುತ್ತಿದ್ದ ಎಂದು ಹೇಳುತ್ತಿದ್ದಾನೆ. ಪಂಚಾಂಗದಲ್ಲಿ ಯಾಕಿಲ್ಲ ಎಂದು ಯಾರೋ ಕೇಳಿದ್ದಕ್ಕೆ ಅವನ ಉತ್ತರ: “ಕಂಪ್ಲಿ ಅಯ್ನೋರು ಮರೆತಾರ, ಅವರಿಗೂ ವಯಸ್ಸಾತಲ್ಲ.” ತಮ್ಮ ಗೌರವದ ದೃಷ್ಟಿಯಿಂದ ಇದನ್ನು ತಮ್ಮ ಗಮನಕ್ಕೆ ತರಲಾಗಿದೆ.

೭. ಹೋದ ವಾರ ಮರಿ ಆಯುಧಪೂಜೆಯ ದಿನ ನಾನು ಕುಂಬಳಕಾಯಿ ಹೆಚ್ಚುತ್ತಿದ್ದಾಗ ಕೂಸು ಮತ್ತೆ ಕಾಣೆಯಾಯಿತು. ಈಳಿಗೆ ಬಿಟ್ಟು ಓಡಿದೆ. ಪಂಪೇಶ್ ಟಿಪ್ಪರಿನ ಆಚೆ ಬದಿಯಿಂದ ಓಡಿ ಬಂದ. ಕೂಸು ಗುಂಡಿಯ ಹತ್ತಿರವೇ ಇತ್ತು. ಆದರೆ ಗುಂಡಿಯ ಮೇಲೆ ಹಲಗೆಗಳಿದ್ದವು. ನೆಲದ ಮೇಲೆ ಬಾಯಿಗೆ ಹಾಕಿಕೊಳ್ಳಲು ಒಂದು ನಟ್ಟೂ ಇರಲಿಲ್ಲ. ಅದು ರಂಗೋಲಿಯ ಗೆರೆಗೆ ಬಂದು ಕೂತು, ಎರಡೂ ಕೈಯಿಂದ ಅಳಿಸುತ್ತ, ಬೆಳ್ಳಗಿನ ಅಂಗೈಗಳನ್ನು ನಮಗೆ ತೋರಿಸಿ ನಕ್ಕಿತು.

ಪಂಪೇಶ್ ಅದರ ಪಕ್ಕದಲ್ಲಿ ನೆಲಕ್ಕೇ ಕುಸಿದು ಕೂತ. ಅದನ್ನು ತೊಡೆಯ ಮೇಲೆ ಕೂರಿಸಿಕೊಂಡ. ಆಮೇಲೆ ಹೇಳಿದ:

“ಅವ್ವಾ, ನನ್ನ ಫೋನಿನಾಗೂ ಕ್ಯಾಲೆಂಡರ್ ಐತಿ.”

“ಗೊತ್ತಿದ್ರೂ ಮಾಡಿದಿ ಏನಲೇ?”

“ಸ್ವಚ್ಛ ಮಾಡು ಅಂದ್ರ ಬೈದಂಗ ಅನ್ನಿಸತೈತಿ. ಪೂಜಿ ಅಂದ್ರ ಮನಸ್ಸು ಬರತೈತಿ. ಮುಂದಿಂದು ಯಾವಾಗ?”

“ಪಂಚಾಂಗ ನೋಡಿ ಹೇಳ್ತೀನಿ.”

“ನೋಡು. ಅದರಾಗ ಇಲ್ಲಂದ್ರ ಬರಸು.”

ಆದ್ದರಿಂದಲೇ ಈ ಅರ್ಜಿ. ಮೊನ್ನೆಯಿಂದ ಕೂಸು ಗೋಡೆ ಹಿಡಿದು ನಿಲ್ಲುತ್ತಿದೆ. ಇಂದೋ ನಾಳೆಯೋ ನಡೆಯುತ್ತದೆ. ನಡೆಯುವವರಿಗೆ ರಂಗೋಲಿ ದಾಟುವುದು ಕಷ್ಟವಲ್ಲ, ಹುಣ್ಣಿಮೆ ಅಮಾವಾಸ್ಯೆಗಳ ನಡುವೆ ದಿನಗಳೂ ಬಹಳ ಇವೆ. ಆದಕಾರಣ ತಾವು ದಯಮಾಡಿ ಈಗಾಗಲೇ ನಡೆದಿರುವ ಮರಿ ಆಯುಧಪೂಜೆಗಳನ್ನು ಸಕ್ರಮಗೊಳಿಸಿ, ಮುಂದಿನ ಪಂಚಾಂಗದಲ್ಲಿ ವಾರಕ್ಕೊಂದರಂತೆ ಕೆಂಪು ಅಕ್ಷರದಲ್ಲಿ ಅಚ್ಚು ಹಾಕಿಸಬೇಕು. ಶಾಸ್ತ್ರದಲ್ಲಿ ಆಧಾರವಿಲ್ಲವೆಂದಾದಲ್ಲಿ ಮುದುಕಪ್ಪನ ಅಜ್ಜನನ್ನು ಆಧಾರವಾಗಿ ಪರಿಗಣಿಸಬಹುದು.

ಉತ್ತರದ ನಿರೀಕ್ಷೆಯಲ್ಲಿ, ಪಾತ್ರೆ ತೊಳೆಯುತ್ತಾ,

ತಮ್ಮ ವಿಶ್ವಾಸಿ, ತಮ್ಮ ಪಂಚಾಂಗಕ್ಕೂ ವಿಶ್ವಾಸಿ,
ಸುಮಲತಾ

ಲಗತ್ತುಗಳು:
೧. ರಂಗೋಲಿ ಪುಡಿ, ಒಂದು ಚಿಟಿಕೆ (ಕೂಸಿನ ಅಂಗೈಯದು).
೨. ಬೂದಗುಂಬಳ ಪಲ್ಯ, ಒಂದು ಡಬ್ಬಿ. ಡಬ್ಬಿ ವಾಪಸ್ಸು ಬೇಕು.
೩. ಉಲ್ಲೇಖ ೨ರ ವಾಷರ್, ಬಿಸಿನೀರಿನಲ್ಲಿ ತೊಳೆದದ್ದು.

ವಿಶೇಷ ಸೂಚನೆ: ಲಗತ್ತು ೩ನ್ನು ನೋಡಿದ ಪಂಪೇಶನಿಗೆ, ಇದು ತಮ್ಮ ಸ್ಕೂಟರಿನ ಹಿಂದಿನ ಬ್ರೇಕಿನದ್ದೆಂದು ಈಗ ನೆನಪಾಗಿದೆ. ಆದ್ದರಿಂದ ಮಂಜೂರಾತಿ ನೀಡಲು ತಾವು ಖುದ್ದಾಗಿ ಬರುವುದಾದಲ್ಲಿ, ಬಸ್ಸಿನಲ್ಲಿ ಬರಬೇಕಾಗಿ ವಿನಂತಿ.