ಕಥೆಯ ‘ಬೇಡ’, ಮನೆಯ ‘ಬ್ಯಾಡ’

ಸುಳ್ಳು ಹೆಸರಿನಲ್ಲಿ ಕಥೆ ಬರೆಯುವವಳು ಹೊಲಿಗೆ ಅಂಗಡಿ ಇಡಬಾರದು. ಇಟ್ಟರೆ ಇಂಥವು ವಾರಕ್ಕೊಂದು ಆಗುತ್ತಲೇ ಇರುತ್ತವೆ. ಕೆ.ಆರ್. ಪೇಟೆಯಲ್ಲಿ ಬ್ಲೌಸ್ ಹೊಲಿಯುವವಳು ನಾನು. ಅಂಗಡಿ ಖಾಲಿ ಇದ್ದಾಗ ಫೋನಿನಲ್ಲಿ ಶೃಂಗಾರದ ಧಾರಾವಾಹಿ ಬರೆದು ಹಾಕುತ್ತೇನೆ. ನಮ್ಮ ಕಡೆ ಅದಕ್ಕೆ ಪೋಲಿ ಕಥೆ ಅಂತಾರೆ. ಓದುವವರಲ್ಲಿ ಎಷ್ಟೋ ಜನ ನನ್ನ ಗಿರಾಕಿಗಳೇ. ಬರೆಯುವವಳು ನಾನು ಅಂತ ಮಾತ್ರ ಒಬ್ಬರಿಗೂ ಗೊತ್ತಿರಲಿಲ್ಲ.

೧. ಮುದ್ದೆ ಕೋಲು

ಹೇಮಗಿರಿ ಕಡೆಯಿಂದ ಬರುವ ಒಬ್ಬ ಅಕ್ಕ, ಐದು ಹಸು ಸಾಕಿದವರು, ನನ್ನ ಕಥೆಗೆ ಮೊದಲ ಅಭಿಮಾನಿ. ನಾಯಕ ನಾಯಕಿಯನ್ನು ಹೊತ್ತುಕೊಂಡು ಹೋಗಿ ಬಂಗಲೆಯ ಬಾಗಿಲು ಹಾಕಿದ ಕಂತನ್ನು ಮೂರು ಸಲ ಓದಿದರಂತೆ. ಅವರ ತೋಳಿನ ಅಳತೆ ತೆಗೆಯುತ್ತ ಮೆಲ್ಲಗೆ ಕೇಳಿದೆ.

“ಅಕ್ಕಾ, ಅವ್ಳು ಬ್ಯಾಡ ಬ್ಯಾಡ ಅಂತಿದ್ರೂ ಬಾಗ್ಲು ಆಕ್ತಾನಲ್ಲ, ನಿಮ್ಗೆ ಸಿಟ್ಟು ಬರ್ನಿಲ್ವಾ?”

“ಯಾಕವ್ವಾ ಬತ್ತದೆ? ಬಾಯಲ್ಲಿ ಬ್ಯಾಡ ಅಂದ್ರೂ ಒಳಗೊಳಗೇ ಚಿಲಕಾನೂ ಆಕ್ಬುಡ್ಲಿ ಅಂತಿದ್ಲು. ಬರೆದೋರೇ ಯೋಳವ್ರೆ.”

“ನಿಮ್ಮನೆಯೋರು ಅಂಗ್ ಮಾಡುದ್ರೆ?”

“ಮುದ್ದೆ ಕೋಲು ಮುರಿಯೋಗಂಟ ಬುಡಕಿಲ್ಲ! ನನ್ ಮನಸ್ನಲ್ಲಿ ಏನೈತೆ ಅಂತ ಅವ್ರಿಗೆ ಯಾರು ಬರ್ಕೊಟ್ಟವ್ರೆ?”

೨. ಬೀಗರೂಟ

ಒಂದು ಸಲ ಹಬ್ಬದ ಹೊಲಿಗೆಯ ಗಡಿಬಿಡಿಯಲ್ಲಿ ಒಂದು ಕಂತನ್ನು ಅವಸರವಾಗಿ ಬರೆದು ಹಾಕಿದೆ. ನಾಯಕಿ ಅಳುತ್ತಾಳೆ, ದೂಡುತ್ತಾಳೆ, ಮನಸ್ಸಿನಲ್ಲೂ ಬೇಡ ಅನ್ನುತ್ತಾಳೆ, ನಾಯಕ ಬಿಡುವುದಿಲ್ಲ. ಮರುದಿನ ಅಂಗಡಿಯಲ್ಲಿ ದೊಡ್ಡ ಪಂಚಾಯ್ತಿ. “ಆ ಬಂಗ್ಲೆ ಕಂತೂ ಅಂಗೇ, ಇದೂ ಅಂಗೇ, ಎಲ್ಡೂ ಕತೆ ತಾನೆ?” ಅಂದಳು ಒಬ್ಬಳು. ದೇವಲಾಪುರದ ಹಿರಿಯಮ್ಮ ಒಬ್ಬರು, ಮದುವೆ ಮನೆಗಳಲ್ಲಿ ಬಡಿಸಿ ಪಳಗಿದವರು, ಕೂತಲ್ಲಿಂದ ಎದ್ದರು.

“ಬೀಗರೂಟದಲ್ಲಿ ಸಾಕು ಸಾಕು ಅಂತ ನಗ್ನಗ್ತಾ ಎಲೆ ಮುಂದುಕ್ಕೆ ತಳ್ಳೋರ್ಗೆ ಇನ್ನೊಂದ್ ಸೌಟು ಬುಡ್ತೀವಿ. ಎಲೆ ಮೇಲೆ ಎಲ್ಡೂ ಕೈ ಅಡ್ಡ ಇಟ್ಟೋಳ್ಗೆ ಬುಡ್ತೀವಾ? ಬುಟ್ರೆ ಕೈ ಬೆಂದೋಗಕಿಲ್ವಾ? ಇದ್ನ ಬರೆದೋನು ಯಾವನೋ ಬಡ್ಡೀಮಗ, ಒಂದಿನಾನೂ ಬಡಿಸ್ದೋನಲ್ಲ!”

ಹತ್ತಾರು ಮದುವೆಗಳಲ್ಲಿ ಬಡಿಸಿದ ನಾನು ತಲೆ ತಗ್ಗಿಸಿ ಹುಕ್ ಹಾಕುತ್ತ ಕೂತೆ. ಅವರು ಹೇಳಿದ್ದು ನಿಜ, ನನಗೆ ನಾಚಿಕೆಯಾಯಿತು. ಮುಂದಿನ ಕಂತಿನಲ್ಲೇ ನಾಯಕನನ್ನು ಜೈಲಿಗೆ ಹಾಕಿದೆ. ಕಥೆ ಇನ್ನೂ ಹತ್ತು ಕಂತು ಬಾಕಿ ಇತ್ತು, ನಾಯಕಿಗೆ ಬೇರೆ ಗಂಡು ಹುಡುಕಬೇಕಾಯಿತು.

೩. ಬಡಗಿ

ಚಿನಕುರಳಿಯ ಹುಡುಗಿ, ಇಪ್ಪತ್ತೇಳು ವರ್ಷ, ಪಾಂಡವಪುರದ ಬ್ಯಾಂಕೊಂದರಲ್ಲಿ ಕೆಲಸ. ಮದುವೆಗೆ ಹದಿನೈದು ದಿನ ಇರುವಾಗ ಬಂದು, “ಅಕ್ಕಾ, ಮುಹೂರ್ತದ ಬ್ಲೌಸ್ ಹೊಲೀಬೇಡಿ” ಅಂದಳು. ಅತ್ತು ಅತ್ತು ಕಣ್ಣು ಕೆಂಪಾಗಿತ್ತು.

ಗಂಡು ನಾಗಮಂಗಲದ ಬಡಗಿ. ಅವಳ ಫೋನಿನಲ್ಲಿ ನನ್ನ ಕಥೆ ನೋಡಿದ್ದ. ಇಬ್ಬರೂ ಶ್ರೀರಂಗಪಟ್ಟಣದ ಸಂಗಮಕ್ಕೆ ಹೋದಾಗ, ಅವಳು ಬೇಡವೆಂದು ಕೊಸರಿಕೊಂಡರೂ ಸೊಂಟ ಹಿಡಿದು ಎಳೆದು, “ನಿಂಗೆ ಇಂಗೇ ಇಷ್ಟ ತಾನೆ? ಓದ್ತೀಯಲ್ಲ” ಅಂದನಂತೆ.

“ಓದೋಳು ನಾನು ಅಕ್ಕಾ. ಬೇಕಾದಾಗ ತೆಗೀತೀನಿ, ಸಾಕಾದ್ರೆ ಮುಚ್ತೀನಿ. ಅವ್ರು ಎಳ್ದಾಗ ಏನ್ ಮುಚ್ಲಿ?”

ನನ್ನ ಕಥೆಯಿಂದ ಒಂದು ಮದುವೆ ಮುರಿಯುತ್ತಿತ್ತು. ಅವನ ಹತ್ತಿರ ನಾನೊಂದು ಮಾತಾಡಲಾ ಅಂತ ಕೇಳಿದೆ. “ಆಡಿ. ಆದ್ರೆ ಅವ್ರಿಗೆ ಅರ್ಥ ಆಗ್ನಿಲ್ಲ ಅಂದ್ರೆ ನಾನ್ ಮದ್ವೆ ಆಗಕಿಲ್ಲ” ಅಂದಳು.

ಅವನನ್ನು ಕರೆಸಿದೆ. ಆರಡಿ ಆಳು, ಲೈನಿಂಗ್ ಬಟ್ಟೆಗಳ ನಡುವೆ ಮುದುರಿ ಕೂತ.

“ಆ ಕತೆ ಬರೆದೋಳು ನಾನೇ ಕಣಪ್ಪಾ. ಕತೇಲಿರೋಳ ಮನಸ್ಸನ್ನೂ ನಾನೇ ಬರಿಯೋದು, ಅದ್ಕೇ ಓದೋರ್ಗೆ ಕಾಣ್ತದೆ. ಸಂಗಮದಲ್ಲಿ ನಿನ್ ಹುಡ್ಗಿ ಮನಸ್ಸು ನಿಂಗೆ ಕಾಣ್ತಾ?”

“ಇಲ್ಲ ಅಕ್ಕಾ. ಅವ್ಳ್ಗೆ ನಾನ್ ಎಲ್ಲಿ ಇಷ್ಟ ಆಗಕಿಲ್ವೋ ಅಂತ ಭಯ ಆಗಿತ್ತು. ಅದ್ಕೇ ಕತೇಲಿರೋನಂಗೆ ಮಾಡ್ಬುಟ್ಟೆ. ತಪ್ಪಾಯ್ತು.”

“ಅಳತೆ ಕೇಳ್ದೆ ಯಾರ್ಗಾದ್ರೂ ಬಾಗ್ಲು ಮಾಡ್ಕೊಡ್ತೀಯಾ?”

“ಎಲ್ಲಾದ್ರೂ ಉಂಟಾ!”

“ಅವ್ಳನ್ನೂ ಅಂಗೇ ಕೇಳಿ ಮುಟ್ಟು. ಮೊದ್ಲು ಓಗಿ ಅವ್ಳತ್ರ ತಪ್ಪು ಒಪ್ಕೊ.”

ಹೋಗಿ ಒಪ್ಪಿಕೊಂಡ. ಅವಳು ‘ನೋಡಾಣ’ ಅಂದಳಂತೆ. ನಾಲ್ಕು ದಿನ ಬಿಟ್ಟು ನನಗೆ ಅವಳ ಫೋನ್ ಬಂತು.

“ಅಕ್ಕಾ, ಬ್ಲೌಸ್ ಹೊಲೀರಿ. ಆದ್ರೆ ಇವ್ರಿಗೆ ಈ ಕೇಳಾದ್ನ ಒಸಿ ಕಮ್ಮಿ ಮಾಡಕ್ಕೇಳಿ. ಫೋನ್ ಮಾಡಿ, ಫೋನ್ ಮಾಡ್ಲಾ ಅಂತ ಕೇಳ್ತಾರೆ.”

೪. ಗಟ್ಟಿಮೇಳ

ನಾಗಮಂಗಲದ ಛತ್ರದಲ್ಲಿ ಮದುವೆ. ಗಟ್ಟಿಮೇಳ ಶುರುವಾಯಿತು, ನಾವೆಲ್ಲ ಅಕ್ಷತೆ ಹಿಡಿದು ಎದ್ದು ನಿಂತೆವು. ಹುಡುಗ ತಾಳಿ ಎತ್ತಿದವನು ಅವಳ ಕೊರಳ ಹತ್ತಿರ ತಂದು ಕೈ ನಿಲ್ಲಿಸಿಬಿಟ್ಟ.

“ಕಟ್ಲಾ?” ಅಂದ.

“ಕಟ್ಟಪ್ಪಾ, ಮುಹೂರ್ತ ಮೀರ್ತದೆ!” ಅಂದರು ಪುರೋಹಿತರು.

“ನಿಮ್ಮನ್ನಲ್ಲ ಸ್ವಾಮಿ, ಇವ್ಳ್ನ ಕೇಳ್ತಿರೋದು.”

ಓಲಗ ನಿಂತುಹೋಯಿತು. ಅವಳು ಬೇಡ ಅಂದರೆ ತಾಳಿಯನ್ನು ತಟ್ಟೆಗೆ ವಾಪಸು ಇಟ್ಟುಬಿಡುತ್ತಾನೆ ಅನ್ನುವುದು ಅವನ ಮುಖ ನೋಡಿದವರಿಗೆಲ್ಲ ಗೊತ್ತಾಯಿತು. ಹುಡುಗಿಗೂ ಗೊತ್ತಾಯಿತು. ತಲೆ ಎತ್ತಿ ಅವನನ್ನೇ ನೋಡಿದಳು. ಕಣ್ಣು ತುಂಬಿತ್ತು, ಮುಖವೆಲ್ಲ ನಗು.

“ಇನ್ನೊಂದ್ಸಲ ಕೇಳಿ” ಅಂದಳು.